ಪದಾರ್ಥವೂ ಪಾಕವೂ

‘ಪದಾರ್ಥ’ವೆಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳು ಬಳಕೆಯಲ್ಲಿವೆ. ಪದದ ಅರ್ಥ ಒಂದು. ಅಡುಗೆಗೆ ಒದಗುವ ವಸ್ತು ಇನ್ನೊಂದು. ‘ಪಾಕ’ವೂ ಹಾಗೆಯೇ. ಒಲೆಯ ಮೇಲಿನ ಬೆಲ್ಲದ ಹದಕ್ಕೆ ಪಾಕವೆಂದು ಹೆಸರು. ಕಾವ್ಯದ ಹದವನ್ನೂ ಆಲಂಕಾರಿಕರು ದ್ರಾಕ್ಷಾಪಾಕ, ಕದಳೀಪಾಕ, ನಾರಿಕೇಳಪಾಕವೆಂದು ಕರೆದರು. ಪದಗಳನ್ನು ರಾಶಿ ಹಾಕಿದ ಮಾತ್ರಕ್ಕೆ ಕಾವ್ಯವಾಗದು. ಪದಾರ್ಥಗಳನ್ನು ರಾಶಿ ಹಾಕಿದ ಮಾತ್ರಕ್ಕೆ ಅಡುಗೆಯೂ ಆಗದು. ಈ ಮಾತಿಗೆ ಹೋಳಿಗೆಗಿಂತ ಸುಲಭವಾದ ನಿದರ್ಶನ ದೊರೆಯಲಾರದು.

ಭಟ್ಕಳ, ಹೊನ್ನಾವರ, ಕುಮಟಾಗಳ ಕರಾವಳಿಯು ಅಕ್ಕಿ ಮತ್ತು ತೆಂಗಿನ ನಾಡು. ಗೋಧಿ, ಕಡಲೆಗಳು ಘಟ್ಟದಾಚೆಯ ಬಯಲುಸೀಮೆಯ ಬೆಳೆಗಳು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿಯು ದೇವಿಮನೆ ಘಟ್ಟವನ್ನಿಳಿದು ಕುಮಟೆಯ ಬಂದರಿನಿಂದ ಮುಂಬಯಿಗೆ ಸಾಗುತ್ತಿತ್ತು. ‘ಕುಮಟಾ ಹತ್ತಿ’ಯೆಂಬ ಹೆಸರೇ ವ್ಯಾಪಾರದಲ್ಲಿ ನೆಲೆನಿಂತಿತು. ಮೇಲುಸೀಮೆಯ ಕಾಳುಕಡಿಗಳೂ ಇಂತಹ ಘಟ್ಟದ ದಾರಿಗಳಿಂದಲೇ ಕರಾವಳಿಯನ್ನು ಸೇರಿದವು. ಆದುದರಿಂದ ಈ ಕಡೆ ದೋಸೆ, ಅಕ್ಕಿರೊಟ್ಟಿಗಳು ನಿತ್ಯದ ಆಹಾರ; ಹೋಳಿಗೆಯಾದರೋ ಹಬ್ಬಕ್ಕೆ, ಮದುವೆಗೆ ಮೀಸಲಾದ ಭಕ್ಷ್ಯ.

ಹೋಳಿಗೆಗೆ ಒಳಗೊಂದು, ಹೊರಗೊಂದು. ಒಳಗಿನದು ಹೂರಣ, ಸಂಸ್ಕೃತದ ‘ಪೂರಣ’ದ ತದ್ಭವ. ‘ಪಾಲ್’ ಹಾಲಾದಂತೆ ಇಲ್ಲಿಯೂ ಪಕಾರವು ಹಕಾರವಾಗಿದೆ. ಹೊರಗಿನದು ಕಣಕ. ಕಡಲೆಬೇಳೆಯನ್ನು ಬೆರಳಲ್ಲಿ ಹಿಚುಕಿದರೆ ನುರಿಯುವಷ್ಟು ಬೇಯಿಸಿ, ಕಟ್ಟನ್ನು ಸಾರಿಗೆಂದು ಬಸಿದಿಟ್ಟು, ಬೆಲ್ಲ ಬೆರೆಸಿ, ನೀರಾರುವವರೆಗೆ ಕಾಯಿಸಿ, ಏಲಕ್ಕಿ ಸೇರಿಸಿ ನುಣ್ಣಗೆ ರುಬ್ಬಿದರೆ ಹೂರಣ ಸಿದ್ಧ. ಕಣಕಕ್ಕೆ ಚಿಟಿಕೆ ಅರಿಸಿನ ಹಾಕಿ, ಎಣ್ಣೆಯನ್ನು ಧಾರಾಳವಾಗಿ ಬಿಟ್ಟು ನಾದಿ, ಒಂದೆರಡು ತಾಸು ನೆನೆಯಲು ಬಿಡಬೇಕು. ನಾದಿದಾಗ ಗೋಧಿಯಲ್ಲಿ ಗ್ಲೂಟೆನ್ ಎಂಬ ಅಂಟು ಹುಟ್ಟುತ್ತದೆ. ನೆನೆದಾಗ ಅದರ ಬಿಗುವು ಸಡಿಲುತ್ತದೆ. ಸಣ್ಣ ಕಣಕದೊಳಗೆ ದೊಡ್ಡ ಹೂರಣದ ಉಂಡೆಯನ್ನಿಟ್ಟು ಬಾಯಿ ಮುಚ್ಚಿ, ಅಕ್ಕಿಹಿಟ್ಟಿನ ಮೇಲೆ ಹಗುರವಾಗಿ ಲಟ್ಟಿಸಿ, ಕಾದ ಕಾವಲಿಯ ಮೇಲೆ ಬೇಯಿಸುವುದು ಕ್ರಮ.

ಇಲ್ಲಿ ಗುಟ್ಟೊಂದಿದೆ. ಹೂರಣವೂ ಕಣಕವೂ ಸಮಾನ ಮೃದುವಾಗಿರಬೇಕು. ಹೂರಣ ಸಡಿಲವಾದರೆ ಕಣಕವನ್ನು ಹರಿದು ಹೊರಗೆ ಬರುತ್ತದೆ. ಗಟ್ಟಿಯಾದರೆ ನಡುವೆಯೇ ನಿಂತು ಅಂಚು ಬರಿದಾಗುತ್ತದೆ. ಈ ಸಾಮ್ಯವನ್ನು ಯಾವ ಸೇರೂ ಪಾವೂ ಅಳೆದು ಕೊಡಲಾರದು.

ಹೊನ್ನಾವರ ತಾಲೂಕಿನಲ್ಲಿ, ಶರಾವತಿಯ ದಂಡೆಯ ಹವ್ಯಕ ಮನೆಯೊಂದರಲ್ಲಿ ಇದು ಚೆನ್ನಾಗಿ ಮನವರಿಕೆಯಾಯಿತು. ಮನೆಯ ಹಿರಿಯಾಕೆಗೆ ಎಂಬತ್ತು ದಾಟಿತ್ತು, ಕಣ್ಣು ಮಸುಕಾಗಿತ್ತು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದ ಮೊಮ್ಮಗಳು ಯುಗಾದಿಗೆ ಬಂದವಳು ಅಜ್ಜಿಯ ಬಾಯಿಂದ ಅಳತೆಗಳನ್ನೆಲ್ಲ ಕೇಳಿ ಬರೆದುಕೊಂಡು ಹೋದಳು. ಬೇಳೆ ಅದೇ, ಬೆಲ್ಲ ಅದೇ, ಬರೆದುದರಲ್ಲಿ ತಪ್ಪಿಲ್ಲ. ಆದರೂ ಬೆಂಗಳೂರಿನ ಒಲೆಯ ಮೇಲೆ ಹೋಳಿಗೆಗಳೆಲ್ಲ ಹರಿದವು. ದೀಪಾವಳಿಗೆ ಊರಿಗೆ ಬಂದಾಗ ಅಜ್ಜಿ ಆ ಹಾಳೆಯ ವಿಚಾರವನ್ನೇ ಎತ್ತಲಿಲ್ಲ. ಪಕ್ಕದಲ್ಲಿ ಕುಳ್ಳಿರಿಸಿಕೊಂಡು, ಹುಡುಗಿಯ ಬೆರಳುಗಳನ್ನು ಮೊದಲು ಕಿವಿಯ ಹಾಲೆಗೆ, ಆಮೇಲೆ ಕಣಕಕ್ಕೆ, ಆಮೇಲೆ ಹೂರಣಕ್ಕೆ ಮುಟ್ಟಿಸಿದರು. “ನಂಗೆ ಕಣ್ಣು ಕಾಣ್ತಿಲ್ಲೆ ಕೂಸೇ, ಆದ್ರೆ ಕೈಗೆ ಗೊತ್ತಾಗ್ತು. ನಿನ್ನ ಕೈಗೂ ಗೊತ್ತಾಗ್ತು, ನಾದು” ಎಂದರು. ಅಂದು ಮೊದಲ ನಾಲ್ಕು ಹರಿದವು, ಐದನೆಯದು ನಿಂತಿತು. ಅಜ್ಜಿ ತೀರಿಕೊಂಡ ವರ್ಷ ಆ ಮನೆಯಲ್ಲಿ ಹಬ್ಬವಿರಲಿಲ್ಲ. ವರ್ಷಾಂತಿಕ ಕಳೆದ ಮೇಲೆ ಬಂದ ಯುಗಾದಿಗೆ ಹೋಳಿಗೆ ಲಟ್ಟಿಸಿದವಳು ಮೊಮ್ಮಗಳೇ.

ಇದು ಒಂದು ಮನೆಯ ಮಾತಷ್ಟೇ ಎನ್ನುವವರು ಸಮುದ್ರದಾಚೆಗೆ ನೋಡಬಹುದು. ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ದೇಶದಲ್ಲಿ ‘ಪುಪುಸ’ವೆಂಬ ತಿಂಡಿಯುಂಟು. ಮೆಕ್ಕೆಜೋಳದ ಹಿಟ್ಟಿನ ಕಣಕದೊಳಗೆ ಬೇಯಿಸಿದ ಕಾಳು, ಚೀಸ್ ಅಥವಾ ಮಾಂಸದ ಹೂರಣವನ್ನಿಟ್ಟು, ಅಂಗೈಗಳ ನಡುವೆ ತಟ್ಟಿ, ಕಾವಲಿಯ ಮೇಲೆ ಬೇಯಿಸುತ್ತಾರೆ. 2005ರಲ್ಲಿ ಆ ದೇಶವು ಅದನ್ನು ರಾಷ್ಟ್ರೀಯ ಭಕ್ಷ್ಯವೆಂದು ಸಾರಿ, ನವೆಂಬರ್ ತಿಂಗಳ ಎರಡನೆಯ ಭಾನುವಾರವನ್ನು ಅದಕ್ಕೆ ಮೀಸಲಿಟ್ಟಿತು. ಮೆಕ್ಕೆಜೋಳದಲ್ಲಿ ಗೋಧಿಯಂತಹ ಅಂಟಿಲ್ಲ. ಅಲ್ಲಿಯ ಹೆಂಗಸರು ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಯಿಟ್ಟು, ಸಿಪ್ಪೆ ತೊಳೆದು ರುಬ್ಬಿದರು, ಹಿಟ್ಟು ಕೂಡಿಕೊಂಡಿತು. ಅಘನಾಶಿನಿಯ ಚಿಪ್ಪನ್ನು ಸುಟ್ಟ ಸುಣ್ಣವನ್ನು ಬಲ್ಲ ಕುಮಟೆಯವರಿಗೆ ಸುಣ್ಣ ಹೊಸದಲ್ಲ. ಆದರೆ ಅದು ಧಾನ್ಯಕ್ಕೆ ಮಾಡುವ ಉಪಕಾರವು ಸೋಜಿಗವೆನಿಸೀತು.

ಏಕೆಂದರೆ ಆ ಉಪಕಾರವು ಹದಕ್ಕಷ್ಟೇ ಸಂಬಂಧಿಸಿದುದಲ್ಲ. ಮೆಕ್ಕೆಜೋಳದಲ್ಲಿ ಅಡಗಿರುವ ನಯಾಸಿನ್ ಎಂಬ ಜೀವಸತ್ವವನ್ನು ದೇಹಕ್ಕೆ ದಕ್ಕುವಂತೆ ಬಿಡಿಸಿಕೊಡುವುದೂ ಆ ಸುಣ್ಣವೇ. ಐರೋಪ್ಯರು ಕಾಳನ್ನು ಹಡಗಿನಲ್ಲಿ ತಂದರು; ಸುಣ್ಣದ ಸಂಸ್ಕಾರವನ್ನು ತರಲಿಲ್ಲ. ಅದನ್ನೇ ಉಂಡು ಬದುಕಿದ ಬಡವರಲ್ಲಿ ಚರ್ಮ ಬಿರಿಯುವ, ಬುದ್ಧಿ ಕೆಡುವ ಪೆಲ್ಲಾಗ್ರ ರೋಗ ಹಬ್ಬಿತು. ಸ್ಪೇನಿನ ವೈದ್ಯ ಗಾಸ್ಪಾರ್ ಕಾಸಾಲ್ 1735ರಲ್ಲಿ ಅದನ್ನು ವರ್ಣಿಸಿದನು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ 1914ರಿಂದ ಶೋಧಿಸಿದ ಜೋಸೆಫ್ ಗೋಲ್ಡ್‌ಬರ್ಗರ್, ಅದು ಸೋಂಕಲ್ಲ, ಆಹಾರದ ಕೊರತೆಯೆಂದು ತೋರಿಸಿದನು. ಕೊರತೆ ನಯಾಸಿನ್ನಿನದೆಂದು ಗೊತ್ತಾದುದು 1937ರಲ್ಲಿ. ಎರಡು ಶತಮಾನಗಳ ಸಂಕಟದ ಬಳಿಕ ವಿಜ್ಞಾನವು ಕಂಡುಕೊಂಡ ಕೊರತೆಯನ್ನು ಓದುಬರಹವಿಲ್ಲದ ಅಜ್ಜಿಯರು ಕಾರಣವರಿಯದೆಯೇ ಕೈಯಲ್ಲಿ ನೀಗಿಸಿಕೊಂಡಿದ್ದರು. ಪದಾರ್ಥ ಸಮುದ್ರ ದಾಟಿತು, ಪಾಕ ದಾಟಲಿಲ್ಲ.

ಗ್ರಂಥಗಳು ವ್ಯರ್ಥವೆಂದು ಇದರ ತಾತ್ಪರ್ಯವಲ್ಲ. ಹನ್ನೊಂದನೆಯ ಶತಮಾನದಲ್ಲಿ ಇಮ್ಮಡಿ ಚಾವುಂಡರಾಯನು ‘ಲೋಕೋಪಕಾರ’ದಲ್ಲಿಯೂ, ಹದಿನಾರನೆಯ ಶತಮಾನದಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ದಲ್ಲಿಯೂ ಅಡುಗೆಯನ್ನು ಪದ್ಯದಲ್ಲಿ ಹೇಳಿದರು. ಅವರ ಓದುಗರ ಮನೆಗಳಲ್ಲಿ ಹದವರಿತ ಕೈಗಳಿದ್ದವು. ಗ್ರಂಥವು ಆ ಕೈಗಳಿಗೆ ನೆನಪಾಗಿ ಒದಗಿತು. ಕೈಗಳೇ ಇಲ್ಲವಾದರೆ ನೆನಪು ಯಾರಿಗೆ?

ಇಂದು ಪೇಟೆಗಳಲ್ಲಿ ಹೋಳಿಗೆಯ ಅಂಗಡಿಗಳಿವೆ; ಕೊಂಡು ತಿನ್ನುವುದರಲ್ಲಿ ದೋಷವೇನೂ ಇಲ್ಲ. ಊರಿನಲ್ಲಿ ಹದ ಬಲ್ಲ ಕೈಗಳು ನಾಲ್ಕಾದರೂ ಉಳಿದಿರಬೇಕು, ಅವುಗಳ ಪಕ್ಕದಲ್ಲಿ ಕಲಿಯುವ ಕೈಗಳು ಎರಡಾದರೂ ಇರಬೇಕು. ಶಾಲೆಯ ಮಾತೂ ಇದಕ್ಕಿಂತ ಬೇರೆಯಲ್ಲ. ಕಟ್ಟಡ, ಪುಸ್ತಕ, ಪೀಠೋಪಕರಣಗಳು ದಾನಿಗಳ ಔದಾರ್ಯದಿಂದ ಒದಗುವ ಪದಾರ್ಥಗಳು. ಅವಿಲ್ಲದೆ ಏನೂ ನಡೆಯದು. ಆದರೆ ತಪ್ಪು ಬರೆದ ಮಗುವಿನ ಪಕ್ಕದಲ್ಲಿ ಕುಳಿತು, ಅದರ ಕೈ ಹಿಡಿದು ಅಕ್ಷರ ತಿದ್ದಿಸುವ ಗುರುವೇ ಪಾಕವನ್ನು ಬಲ್ಲವನು. ಅವನು ಇರುವವರೆಗೆ ಹೂರಣವು ಕಣಕವನ್ನು ಹರಿಯದು.