ಬೆಲ್‌ಫಾಸ್ಟಿನಲ್ಲೂ ಹಕಾರದ ತಕರಾರು

ನಮ್ಮಲ್ಲಿ ಯಾರಾದ್ರೂ ಹಾಲಿಗೆ 'ಆಲು', ಹಣ್ಣಿಗೆ 'ಅಣ್ಣು' ಅಂದ್ರೆ ನಕ್ಕು ಸುಮ್ಮನಾಗ್ತೀವಿ. ಮಾಜಿ ಪ್ರಧಾನಿ ದೇವೇಗೌಡರನ್ನು ಒಬ್ಬರು ಎಚ್.ಡಿ. ಅಂತ ಬರೀತಾರೆ, ಇನ್ನೊಬ್ಬರು ಹೆಚ್.ಡಿ. ಅಂತ ಬರೀತಾರೆ. ಯಾರಿಗೂ ಏನೂ ಆಗಿಲ್ಲ. ಆದ್ರೆ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ ಇಂಗ್ಲಿಷಿನ ಆ ಎಂಟನೇ ಅಕ್ಷರವನ್ನು 'ಏಚ್' ಅಂದ್ರೆ ನೀವು ಪ್ರಾಟೆಸ್ಟೆಂಟು, 'ಹೇಚ್' ಅಂದ್ರೆ ಕ್ಯಾಥೊಲಿಕ್ಕು! ಇದನ್ನು ಹೇಳಿದ್ದು ನನ್ನ ಟ್ಯಾಕ್ಸಿ ಡ್ರೈವರ್. ಗಲಾಟೆಯ ಕಾಲದಲ್ಲಿ ಗೊತ್ತಿಲ್ಲದವರ ಮುಂದೆ ಸ್ಪೆಲ್ಲಿಂಗ್ ಹೇಳೋಕೂ ಹಿಂದೆಮುಂದೆ ನೋಡ್ತಿದ್ವಿ ಅಂದ. "ನೀನು ಹೇಗೆ ಹೇಳ್ತೀಯ?" ಅಂತ ಕೇಳಿದ. ನಾನು ಎರಡೂ ಹೇಳ್ತೀನಿ ಅಂದೆ. ಬಚಾವಾದೆ :)

ಆಫೀಸಿನ ಕೆಲಸದ ಮೇಲೆ ಮೂರು ವಾರ ಅಲ್ಲಿದ್ದೆ. ಮೊದಲ ಶನಿವಾರ ಎಲ್ಲರ ಹಾಗೆ ಟೈಟಾನಿಕ್ ನೋಡೋಕೆ ಓಡಿದೆ. ಆ ಹಡಗು ಕಟ್ಟಿದ್ದು ಅಲ್ಲಿನ ಹಾರ್ಲೆಂಡ್ ಅಂಡ್ ವುಲ್ಫ್ ಕಾರ್ಖಾನೆಯಲ್ಲಿ. 1911ರ ಮೇ 31ಕ್ಕೆ ನೀರಿಗಿಳಿಸಿದರು, 1912ರ ಏಪ್ರಿಲ್‌ನಲ್ಲಿ ಮುಳುಗಿತು. ಸರಿಯಾಗಿ ನೂರು ವರ್ಷಕ್ಕೆ, 2012ರಲ್ಲಿ, ಅದೇ ಜಾಗದಲ್ಲಿ ಹಡಗಿನ ಮೈಯಷ್ಟೇ ಎತ್ತರದ ಮ್ಯೂಸಿಯಂ ತೆರೆದಿದ್ದಾರೆ. ಅಂಗಡಿಗಳಲ್ಲಿ ಟೀ ಶರ್ಟ್ ಸಿಗುತ್ತೆ: ಇಲ್ಲಿಂದ ಹೊರಟಾಗ ಹಡಗು ಚೆನ್ನಾಗೇ ಇತ್ತು ಅಂತ. "ನನ್ನ ಮಷೀನಿನಲ್ಲಿ ಓಡ್ತಿತ್ತು" ಅನ್ನೋ ನಮ್ಮ ಸಾಫ್ಟ್‌ವೇರ್ ಮಂತ್ರಕ್ಕೆ ಇದೇ ಮೂಲ ಇರಬೇಕು.

ನಮ್ಮ ದಾವಣಗೆರೆಯೂ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿತ್ತಲ್ಲ, ಬೆಲ್‌ಫಾಸ್ಟ್ ಹಾಗೇ ಲಿನನ್ ಬಟ್ಟೆಗೆ ಹೆಸರಾಗಿತ್ತು. ನಮ್ಮಲ್ಲಿ ಕಾಟನ್ ಮಿಲ್ಲುಗಳು ಮುಚ್ಚಿದ ಮೇಲೆ ಬೆಣ್ಣೆದೋಸೆ ಉಳೀತು. ಅವರಿಗೆ ಮುಳುಗಿದ ಹಡಗು. ಸ್ಯಾಮ್ಸನ್, ಗೊಲಾಯತ್ ಅನ್ನೋ ಎರಡು ಹಳದಿ ಕ್ರೇನುಗಳು ಊರಿನ ಬಹಳಷ್ಟು ಕಡೆಯಿಂದ ಕಾಣ್ತವೆ. ಕಾರ್ಖಾನೆ ಎರಡು ಸಲ, 2019ರಲ್ಲಿ ಮತ್ತೆ 2024ರಲ್ಲಿ, ದಿವಾಳಿಯ ಅಂಚಿಗೆ ಹೋಗಿ, 2025ರ ಜನವರಿಯಲ್ಲಿ ಸ್ಪೇನಿನ ನವಾಂತಿಯಾ ಕೈ ಸೇರಿತು.

ಮ್ಯೂಸಿಯಂ ಚೆನ್ನಾಗಿದೆ, ಸುಳ್ಳು ಹೇಳಲ್ಲ. ಆದ್ರೆ ಆ ವೈಭವ ಎಲ್ಲರದ್ದೂ ಆಗಿರಲಿಲ್ಲ. ಹಡಗುಕಟ್ಟೆಯ ಕೆಲಸದಲ್ಲಿ ಹೆಚ್ಚಿನವರು ಪ್ರಾಟೆಸ್ಟೆಂಟರು. 1920ರ ಜುಲೈನಲ್ಲಿ ಸಾವಿರಾರು ಕ್ಯಾಥೊಲಿಕ್ ಕೆಲಸಗಾರರನ್ನು, ಅವರ ಪರ ಇದ್ದಾರೆ ಅನ್ನಿಸಿದ ಪ್ರಾಟೆಸ್ಟೆಂಟರನ್ನೂ ಸೇರಿಸಿ, ಜೊತೆಯಲ್ಲಿ ಕೆಲಸ ಮಾಡ್ತಿದ್ದವರೇ ಹೊಡೆದು ಓಡಿಸಿದರು. ಟೈಟಾನಿಕ್ ಮುಳುಗಿ ಎಂಟೇ ವರ್ಷ ಆಗಿತ್ತು.

ಎರಡನೇ ಶನಿವಾರ ಡ್ರೈವರ್ ಕರೆದುಕೊಂಡು ಹೋಗಿದ್ದು ಗೋಡೆ ನೋಡೋಕೆ. ಹೆಸರು 'ಶಾಂತಿಗೋಡೆ'. ಒಂದು ಕಡೆ ಪ್ರಾಟೆಸ್ಟೆಂಟರ ಶಾಂಕಿಲ್ ರಸ್ತೆ, ಇನ್ನೊಂದು ಕಡೆ ಕ್ಯಾಥೊಲಿಕ್ಕರ ಫಾಲ್ಸ್ ರಸ್ತೆ. ಕೆಳಗೆ ಕಾಂಕ್ರೀಟು, ಅದರ ಮೇಲೆ ತಗಡು, ಅದರ ಮೇಲೆ ಜಾಲರಿ. ಅಂದ್ರೆ ಒಂದೇ ಸಲ ಕಟ್ಟಿದ್ದಲ್ಲ, ಭಯ ಬೆಳೆದ ಹಾಗೆ ಗೋಡೆಯೂ ಬೆಳೆದಿದೆ. ಅದಕ್ಕೆ ಅಂಟಿಕೊಂಡಿರೋ ಬೀದಿಯ ಹೆಸರು ಓದಿ ನನಗೆ ಶಾಕ್: ಬಾಂಬೆ ಸ್ಟ್ರೀಟ್! ಅಲ್ಲೇ ಪಕ್ಕದಲ್ಲಿ ಕಾಶ್ಮೀರ್ ರೋಡ್, ಲಕ್ನೋ ಸ್ಟ್ರೀಟ್, ಕಾನ್ಪುರ ಸ್ಟ್ರೀಟ್. ಬ್ರಿಟಿಷ್ ಸಾಮ್ರಾಜ್ಯದ ನೆನಪಿಗೆ ಇಟ್ಟ ಹೆಸರುಗಳು. ಬಾಂಬೆ ಸ್ಟ್ರೀಟಿಗೆ ಬೆಂಕಿ ಬಿದ್ದ ದಿನ 1969ರ ಆಗಸ್ಟ್ 15. ನಮ್ಮ ಅಪ್ಪಂದಿರು ಶಾಲೆಯಲ್ಲಿ ಧ್ವಜ ಹಾರಿಸಿ ಪೆಪ್ಪರ್‌ಮೆಂಟ್ ತಿಂದ ದಿನ. ಆಮೇಲೆ ಮನೆಗಳನ್ನು ಮತ್ತೆ ಕಟ್ಟಿದರು, ಆದ್ರೆ ಇವತ್ತಿಗೂ ಹಿತ್ತಲಿಗೆ ಕಬ್ಬಿಣದ ಪಂಜರ ಹಾಕಿದ್ದಾರೆ, ಗೋಡೆಯಾಚೆಯಿಂದ ಏನಾದ್ರೂ ಬಿದ್ದರೆ ಅಂತ. ಪಂಜರದೊಳಗೆ ಬಟ್ಟೆ ಒಣಹಾಕ್ತಾರೆ.

ಮೂವತ್ತು ವರ್ಷದ ಆ ಜಗಳದಲ್ಲಿ ಸತ್ತವರು ಸುಮಾರು 3,500 ಜನ. 1998ರ ಏಪ್ರಿಲ್ 10ಕ್ಕೆ ಗುಡ್ ಫ್ರೈಡೇ ಒಪ್ಪಂದ ಆಯ್ತು. ಗೋಡೆಗಳನ್ನೆಲ್ಲ 2023ರೊಳಗೆ ತೆಗೀತೀವಿ ಅಂತ ಅಲ್ಲಿನ ಸರ್ಕಾರ 2013ರಲ್ಲಿ ಹೇಳಿತ್ತು. ಗಡುವು ಮುಗೀತು, ಗೋಡೆ ಇದೆ. ರಾತ್ರಿ ಕೆಲವು ಗೇಟುಗಳಿಗೆ ಬೀಗ ಬೀಳುತ್ತೆ. ಮಕ್ಕಳಲ್ಲಿ ಹತ್ತರಲ್ಲಿ ಒಬ್ಬರಿಗಿಂತ ಕಡಿಮೆ ಮಂದಿ ಎರಡೂ ಕಡೆಯವರು ಒಟ್ಟಿಗೆ ಓದೋ ಶಾಲೆಗೆ ಹೋಗ್ತಾರೆ. ಹೊಸ ಬೆಲ್‌ಫಾಸ್ಟ್ ಎದ್ದಿರೋದು ಹೆಚ್ಚಾಗಿ ಮೊದಲು ಯಾರ ಮನೆಯೂ ಇಲ್ಲದಿದ್ದ ಹಡಗುಕಟ್ಟೆಯ ಬಯಲಲ್ಲಿ. ಜನ ಇದ್ದ ಕಡೆ ಇನ್ನೂ ಹಳೇದೇ ಇದೆ ಅಂತ ನನಗನ್ನಿಸ್ತು.

"ಈಗ ಶಾಂತಿ ಇದೆಯಾ?" ಅಂತ ಕೇಳಿದೆ. ಬಾಂಬ್ ಇಲ್ಲ, ಮಗಳು ರಾತ್ರಿ ಹತ್ತಕ್ಕೆ ಬಸ್ಸಲ್ಲಿ ಬರ್ತಾಳೆ, ನನಗಷ್ಟು ಸಾಕು ಅಂದ. ಸ್ವಲ್ಪ ಹೊತ್ತು ಬಿಟ್ಟು, 2024ರ ಆಗಸ್ಟ್‌ನಲ್ಲಿ ವಲಸೆ ಬಂದವರ ಅಂಗಡಿಗಳಿಗೆ ಬೆಂಕಿ ಹಚ್ಚಿದ್ದನ್ನು ಅವನೇ ಹೇಳಿದ. "ಕತ್ತಲಾದ ಮೇಲೆ ಒಬ್ಬನೇ ಈ ಕಡೆ ಬರಬೇಡ" ಅಂದ. ಅಂದ್ರೆ ಈ ಸಲ ಪಟ್ಟಿಯಲ್ಲಿ ನಾನೂ ಇದ್ದೆ.

ನಮ್ಮೂರು ಕೆರೆಬಿಳಚಿ, ಚನ್ನಗಿರಿ ತಾಲೂಕು, ಸೂಳೆಕೆರೆ ಹತ್ತಿರ. ಒಂದೇ ಬೀದಿಯಲ್ಲಿ ಕನ್ನಡ, ಉರ್ದು ಎರಡೂ ಕೇಳುತ್ತೆ. ಅಲ್ಲಿ ಗೋಡೆ ಇಲ್ಲ ಅಂತ ಡ್ರೈವರ್ ಹತ್ರ ಕೊಚ್ಚಿಕೊಳ್ಳೋಣ ಅಂತ ಬಾಯಿ ತೆರೆದೆ. ಆಗ ನೆನಪಾದವನು ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದ ಗೆಳೆಯ. ಬೆಂಗಳೂರಿಗೆ ನಾವಿಬ್ಬರೂ ಒಂದೇ ವರ್ಷ ಬಂದ್ವಿ, ಸಂಬಳವೂ ಹೆಚ್ಚುಕಮ್ಮಿ ಒಂದೇ. ನನಗೆ ಎರಡು ದಿನದಲ್ಲಿ ಬಾಡಿಗೆ ಮನೆ ಸಿಕ್ತು. ಅವನಿಗೆ ಎರಡು ತಿಂಗಳಾದ್ರೂ ಸಿಗಲಿಲ್ಲ. ಫೋನಲ್ಲಿ ಅಚ್ಚ ಕನ್ನಡ ಕೇಳಿ "ಬನ್ನಿ ಸಾರ್" ಅಂದ ಓನರುಗಳು, ಹೆಸರು ಹೇಳಿದ ಕೂಡಲೇ "ಅಯ್ಯೋ, ಈಗಷ್ಟೇ ಕೊಟ್ಬಿಟ್ವಿ" ಅಂತಿದ್ದರು. ಒಂದು ಮನೆಗೆ ನಾನೇ ಜೊತೆಗೆ ಹೋಗಿದ್ದೆ. ಬಾಗಿಲಲ್ಲಿ ಟು-ಲೆಟ್ ಬೋರ್ಡು ಇನ್ನೂ ನೇತಾಡ್ತಿತ್ತು.

ಡ್ರೈವರ್ ಮಾರ್ಕರ್ ಪೆನ್ನು ಕೊಟ್ಟ. ಬಂದವರೆಲ್ಲ ಆ ಗೋಡೆ ಮೇಲೆ ಏನಾದ್ರೂ ಬರೆದು ಹೋಗೋದು ವಾಡಿಕೆ. ದೊಡ್ಡ ದೊಡ್ಡ ಮಾತು ಬರೆದವರು ಬೇಕಾದಷ್ಟು ಜನ ಇದ್ದರು. ನಾನು ಕನ್ನಡದಲ್ಲಿ ನಮ್ಮ ಊರಿನ ಹೆಸರು, ಅದರ ಕೆಳಗೆ ನಮ್ಮಿಬ್ಬರ ಹೆಸರು ಬರೆದೆ. ಫೋಟೋ ತೆಗೆದು ಅವನಿಗೆ ಕಳಿಸಿ, ಬಾಂಬೆ ಸ್ಟ್ರೀಟ್, ಪಂಜರ, ಬೀಗ ಎಲ್ಲಾ ಕತೆ ಟೈಪ್ ಮಾಡಿದೆ. ಅಲ್ಲಿ ಆಗಲೇ ರಾತ್ರಿಯಾಗಿತ್ತು. ಆದ್ರೂ ಒಂದು ನಿಮಿಷದಲ್ಲಿ ಉತ್ತರ ಬಂತು:

"ಆ ಬಾಂಬೆ ಸ್ಟ್ರೀಟಲ್ಲಿ ಬಾಡಿಗೆ ಎಷ್ಟಂತೆ ಕೇಳೋ."