ಕೋಳಿಯಿಲ್ಲದ ಚಿಕನ್ ಫ್ರೈಡ್ ಸ್ಟೇಕ್

ಹೆಸರಿನಲ್ಲಿ ಚಿಕನ್ ಇದೆ, ತಟ್ಟೆಯಲ್ಲಿ ಕೋಳಿ ಇಲ್ಲ. ಟೆಕ್ಸಾಸ್‌ಗೆ ಮೊದಲ ಸಲ ಹೋಗುವ ನಮ್ಮವರಲ್ಲಿ ಅನೇಕರು ಮೆನುವಿನಲ್ಲಿ ‘ಚಿಕನ್ ಫ್ರೈಡ್ ಸ್ಟೇಕ್’ ಎಂದು ಓದಿ ಕೋಳಿಯೆಂದೇ ತಿಳಿಯುತ್ತಾರೆ. ಬರುವುದು ದನದ ಮಾಂಸ. ಕೋಳಿಯನ್ನು ಕರಿಯುವ ಹಾಗೆ ಹಿಟ್ಟು ಹಚ್ಚಿ ಕರಿದದ್ದು ಎಂಬುದಷ್ಟೇ ಆ ಹೆಸರಿನ ಅರ್ಥ. ಕೋಳಿಯನ್ನೇ ಇದೇ ರೀತಿ ಮಾಡಿದರೆ ಅದಕ್ಕೆ ‘ಚಿಕನ್ ಫ್ರೈಡ್ ಚಿಕನ್’ ಅನ್ನುತ್ತಾರೆ! ದನದ ಮಾಂಸ ತಿನ್ನದವರು ಈ ವ್ಯತ್ಯಾಸ ತಿಳಿದುಕೊಂಡೇ ಹೋಗುವುದು ಒಳ್ಳೆಯದು.

ಆಫೀಸಿನ ಕೆಲಸದ ಮೇಲೆ ಆರು ತಿಂಗಳು ಆಸ್ಟಿನ್‌ನಲ್ಲಿದ್ದಾಗ ಈ ತಿನಿಸಿನ ಊರನ್ನು ನೋಡುವ ಅವಕಾಶ ಸಿಕ್ಕಿತು. ನಮ್ಮ ತಂಡದ ಹಿರಿಯ ಸಹೋದ್ಯೋಗಿಯೊಬ್ಬರು ಫ್ರೆಡ್ರಿಕ್ಸ್‌ಬರ್ಗ್‌ನವರು. ಒಂದು ಭಾನುವಾರ ಊಟಕ್ಕೆ ಮನೆಗೆ ಕರೆದರು. ಆಸ್ಟಿನ್‌ನಿಂದ ಪಶ್ಚಿಮಕ್ಕೆ 290ನೇ ಹೆದ್ದಾರಿಯಲ್ಲಿ ಸುಮಾರು 125 ಕಿಲೋಮೀಟರ್. ಟೆಕ್ಸಾಸ್ ಎಂದರೆ ಬರೀ ಬಟ್ಟಬಯಲು ಎಂದುಕೊಂಡವರಿಗೆ ಈ ದಾರಿ ಅಚ್ಚರಿ ಹುಟ್ಟಿಸುತ್ತದೆ. ಸುಣ್ಣಕಲ್ಲಿನ ಗುಡ್ಡಗಳು, ಓಕ್ ಮರಗಳು, ಬೇಲಿಯಾಚೆ ಮೇಯುವ ದನಗಳು. ಸ್ಟೋನ್‌ವಾಲ್ ಹತ್ತಿರ ಬಂದರೆ ಪೀಚ್ ತೋಟಗಳು.

ಫ್ರೆಡ್ರಿಕ್ಸ್‌ಬರ್ಗ್ ಹುಟ್ಟಿದ್ದು 1846ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು ನ್ಯೂ ಬ್ರೌನ್‌ಫೆಲ್ಸ್. ಎರಡನ್ನೂ ಕಟ್ಟಿದವರು ಜರ್ಮನಿಯಿಂದ ಹಡಗಿನಲ್ಲಿ ಬಂದ ವಲಸಿಗರು. ಫ್ರೆಡ್ರಿಕ್ಸ್‌ಬರ್ಗ್‌ನ ಸ್ಥಾಪಕ ಮೊಯ್ಸೆಬಾಖ್ 1847ರಲ್ಲಿ ಕೊಮಾಂಚೆ ಮೂಲನಿವಾಸಿಗಳ ಜೊತೆ ಒಪ್ಪಂದವನ್ನೂ ಮಾಡಿಕೊಂಡ. ಊರಿನ ನಡುವೆ ಎಂಟು ಮೂಲೆಯ ಫೆರೈನ್ಸ್‌ಕಿರ್ಖೆ ಇದೆ. ಒಂದು ಕಾಲಕ್ಕೆ ಅದೇ ಚರ್ಚು, ಅದೇ ಶಾಲೆ. ಈಗ ನಿಂತಿರುವುದು 1930ರ ದಶಕದಲ್ಲಿ ಮತ್ತೆ ಕಟ್ಟಿದ್ದು. ಓಣಿಗಳಲ್ಲಿ ಗೂಡಿನಂಥ ಪುಟ್ಟ ಮನೆಗಳು ಕಾಣುತ್ತವೆ. ದೂರದ ಹೊಲಗಳಿಂದ ಭಾನುವಾರದ ಪ್ರಾರ್ಥನೆಗೆ ಬರುತ್ತಿದ್ದ ರೈತರು ರಾತ್ರಿ ತಂಗಲು ಕಟ್ಟಿಕೊಂಡ ‘ಸಂಡೇ ಹೌಸ್’ಗಳವು.

ಇಲ್ಲಿಯ ಕೆಲವು ಸಿಹಿತಿಂಡಿ ಅಂಗಡಿ, ಬಿಯರ್ ಅಂಗಡಿಗಳ ಫಲಕಗಳಲ್ಲಿ ಜರ್ಮನ್ ಪದಗಳಿವೆ. ಆದರೆ ಕೋರ್ಟಿನಿಂದ ಪೂರ್ವಕ್ಕೆ ಹೋದರೆ ಸಿಗುವ ಅಡ್ಡರಸ್ತೆಗಳ ಹೆಸರುಗಳ ಮೊದಲಕ್ಷರ ಕೂಡಿಸಿದರೆ ‘ಆಲ್ ವೆಲ್‌ಕಮ್’ ಎಂದಾಗುತ್ತದೆ. ಪಶ್ಚಿಮಕ್ಕೆ ಹೋದರೆ ‘ಕಮ್ ಬ್ಯಾಕ್’. ಎರಡೂ ಇಂಗ್ಲಿಷ್.

ಅಡುಗೆ ಮಾಡಿದ್ದು ಸಹೋದ್ಯೋಗಿಯ ತಾಯಿ, ಎಂಬತ್ತು ದಾಟಿದ ಅಜ್ಜಿ. ಜರ್ಮನ್, ಆಸ್ಟ್ರಿಯನ್ ಮಂದಿಯ ಷ್ನಿಟ್ಸೆಲ್ಲೇ ಇಲ್ಲಿ ಚಿಕನ್ ಫ್ರೈಡ್ ಸ್ಟೇಕ್ ಆಯಿತು ಎಂದು ಬಹಳ ಜನ ನಂಬುತ್ತಾರೆ. ಅಲ್ಲಿ ಎಳೆಗರುವಿನ ಮಾಂಸ. ಇಲ್ಲಿ ಕೈಗೆ ಸಿಗುತ್ತಿದ್ದದ್ದು ಬಯಲಲ್ಲಿ ಅಲೆದು ಬೆಳೆದ ದನದ ಗಟ್ಟಿ ತೊಡೆಮಾಂಸ. ಅದನ್ನು ಬಡಿದು ಬಡಿದು ಮೆತ್ತಗೆ ಮಾಡಬೇಕು. ಬಡವರ ಅಡುಗೆಮನೆಯಲ್ಲಿ ಎಲ್ಲ ಕಡೆಯೂ ಇಂಥ ಉಪಾಯಗಳೇ. 2011ರಲ್ಲಿ ಟೆಕ್ಸಾಸ್ ಶಾಸನಸಭೆ ಅಕ್ಟೋಬರ್ 26ನ್ನು ಈ ತಿನಿಸಿನ ದಿನವೆಂದು ಸಾರಿತು. ಪಕ್ಕದ ಒಕ್ಲಹೋಮ 1988ರಲ್ಲೇ ತನ್ನ ರಾಜ್ಯದ ಅಧಿಕೃತ ಊಟದಲ್ಲಿ ಇದನ್ನು ಸೇರಿಸಿಕೊಂಡಿತ್ತು.

ಅಜ್ಜಿ ಮಾಡಿದ ಕ್ರಮ ಹೀಗೆ. ನಾಲ್ಕು ತುಂಡು ಮಾಂಸ, ಒಂದೊಂದು ಸುಮಾರು 150 ಗ್ರಾಂ. ಬೆರಳಿನ ಅರ್ಧ ದಪ್ಪಕ್ಕೆ ಬಡಿದು ಉಪ್ಪು ಸವರಬೇಕು. ಒಂದು ತಟ್ಟೆಯಲ್ಲಿ ಒಂದೂವರೆ ಕಪ್ ಮೈದಾ, ಉಪ್ಪು, ಧಾರಾಳ ಮೆಣಸಿನ ಪುಡಿ (ಕಾಳುಮೆಣಸು), ಚಿಟಿಕೆ ಖಾರದ ಪುಡಿ. ಇನ್ನೊಂದರಲ್ಲಿ ಎರಡು ಮೊಟ್ಟೆ, ಒಂದು ಕಪ್ ಗಟ್ಟಿ ಮಜ್ಜಿಗೆ. ತುಂಡನ್ನು ಮೈದಾದಲ್ಲಿ ಹೊರಳಿಸಿ, ಮಜ್ಜಿಗೆಯಲ್ಲಿ ಅದ್ದಿ, ಮತ್ತೆ ಮೈದಾದಲ್ಲಿ ಒತ್ತಿ ಹೊರಳಿಸಬೇಕು. ಕೂಡಲೇ ಕರಿಯಬಾರದು, ಹತ್ತು ನಿಮಿಷ ಬಿಟ್ಟರೆ ಹಿಟ್ಟು ನೆನೆದು ಮಾಂಸಕ್ಕೆ ಕಚ್ಚಿಕೊಳ್ಳುತ್ತದೆ, ಬಾಣಲೆಯಲ್ಲಿ ಕಳಚುವುದಿಲ್ಲ. ಬೀಡಿನ ಬಾಣಲೆಯಲ್ಲಿ ಅರ್ಧ ಇಂಚು ಎಣ್ಣೆ, ಸುಮಾರು 175 ಡಿಗ್ರಿ ಕಾವು, ಒಂದೊಂದು ಬದಿಗೆ ಮೂರು-ನಾಲ್ಕು ನಿಮಿಷ.

ಗ್ರೇವಿಯೇ ಇದರ ಜೀವಾಳ. ಎಣ್ಣೆಯನ್ನು ಬಗ್ಗಿಸಿ ಮೂರು ಚಮಚದಷ್ಟು ಉಳಿಸಿಕೊಳ್ಳಬೇಕು, ತಳದಲ್ಲಿ ಕಚ್ಚಿದ ಕಂದು ಚೂರುಗಳ ಸಮೇತ. ಅದರಲ್ಲಿ ಮೂರು ಚಮಚ ಮೈದಾವನ್ನು ಹಸಿ ವಾಸನೆ ಹೋಗುವಷ್ಟು ಮಾತ್ರ ಹುರಿದು, ಎರಡು ಕಪ್ ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಸುರಿಯುತ್ತ ಗಂಟಾಗದಂತೆ ತಿರುವುತ್ತಿರಬೇಕು. ಚಮಚದ ಬೆನ್ನಿಗೆ ಅಂಟುವಷ್ಟು ಗಟ್ಟಿಯಾದಾಗ ಉಪ್ಪು, ಮತ್ತೆ ಒಂದು ಹಿಡಿ ಅನ್ನಿಸುವಷ್ಟು ಮೆಣಸು. ಪಕ್ಕಕ್ಕೆ ಕಿವುಚಿದ ಆಲೂಗಡ್ಡೆ. ಮೇಲೆ ಗರಿಗರಿ, ಒಳಗೆ ಮೆತ್ತಗೆ, ಹಾಲಿನ ಸೌಮ್ಯಕ್ಕೆ ಮೆಣಸಿನ ಚುರುಕು. ಖಾರಕ್ಕೆ ಪಳಗಿದ ನನ್ನ ಕಲಬುರಗಿಯ ನಾಲಿಗೆಗೂ ಹಿಡಿಸಿತು.

ಊಟಕ್ಕೆ ಮುಂಚೆ ಅಜ್ಜಿ ಜರ್ಮನ್‌ನಲ್ಲಿ ಪ್ರಾರ್ಥನೆ ಹೇಳಿದರು. ಮಗನಿಗೆ ಕೊನೆಯ ಸಾಲಷ್ಟೇ ಬಂತು. ಮೊಮ್ಮಕ್ಕಳು ‘ಆಮೆನ್’ ಅಂದರು. ಇವರು ಆಡುತ್ತಿದ್ದ ಟೆಕ್ಸಾಸ್ ಜರ್ಮನ್‌ಗೆ ತನ್ನದೇ ಪದಗಳಿವೆ. ಜರ್ಮನಿಯಲ್ಲಿ ಕಂಡಿರದ ಸ್ಕಂಕ್ ಎಂಬ ಪ್ರಾಣಿಗೆ ‘ಷ್ಟಿಂಕ್‌ಕಾಟ್ಸೆ’, ಅಂದರೆ ನಾರುವ ಬೆಕ್ಕು, ಎಂದು ಹೆಸರಿಟ್ಟರು. ನ್ಯೂ ಬ್ರೌನ್‌ಫೆಲ್ಸ್‌ನ ಪತ್ರಿಕೆ 1852ರಿಂದ 1957ರವರೆಗೆ ಜರ್ಮನ್‌ನಲ್ಲಿ ಬಂತು. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಎಂದರೆ ಶತ್ರುವಿನ ಭಾಷೆಯಾಯಿತು. ಶಾಲೆಗಳಲ್ಲಿ ಇಂಗ್ಲಿಷೇ ಇರಬೇಕೆಂಬ ಕಾನೂನು 1918ರಲ್ಲಿ ಬಂತು. ಆದರೆ ಅಜ್ಜಿ ದೂರಿದ್ದು ಕಾನೂನನ್ನಲ್ಲ. “ಮಕ್ಕಳಿಗೆ ಕಷ್ಟ ಆಗಬಾರದು ಅಂತ ನಾವೇ ಮನೆಯಲ್ಲಿ ಇಂಗ್ಲಿಷ್ ಮಾತಾಡಿದೆವು” ಅಂದರು. ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಹಾನ್ಸ್ ಬೋಆಸ್ ಅವರು 2001ರಿಂದ ಇಂಥ ಹಿರಿಯರ ಮಾತನ್ನು ಧ್ವನಿಮುದ್ರಿಸಿ ಇಡುತ್ತಿದ್ದಾರೆ. ಈಗ ಉಳಿದಿರುವವರಲ್ಲಿ ಬಹುತೇಕರು ವಯಸ್ಸಾದವರೇ.

ಹೈದರಾಬಾದಿನಲ್ಲಿ ಇದನ್ನು ಮನೆಯಲ್ಲೇ ಮಾಡುವುದು ಕಷ್ಟವಲ್ಲ. ಪತ್ಥರ್ ಕಾ ಗೋಷ್ಟ್‌ನ ಊರಿನಲ್ಲಿ ಮಾಂಸ ಬಡಿಯುವುದನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ಮಟನ್ ಅಂಗಡಿಯಲ್ಲಿ ‘ಪಸಂದೆ’ ಬೇಕೆಂದರೆ ತೊಡೆಯ ಮಾಂಸವನ್ನು ತೆಳ್ಳಗೆ ಕೊಯ್ದು ಕೊಡುತ್ತಾರೆ. ಕೋಳಿಯ ಎದೆಭಾಗವೂ ಆಗುತ್ತದೆ. ಗಟ್ಟಿ ಮಜ್ಜಿಗೆಯ ಬದಲು ಮೊಸರಿಗೆ ಸ್ವಲ್ಪ ನೀರು ಬೆರೆಸಿದರೆ ಸಾಕು.

ನನ್ನ ಒಂಬತ್ತು ವರ್ಷದ ಮಗಳಿಗೆ ಈ ಬಿಳಿ ಗ್ರೇವಿ ಬಲು ಇಷ್ಟ. ಜೋಳದ ರೊಟ್ಟಿ, ಶೇಂಗಾ ಹಿಂಡಿಯೂ ಇಷ್ಟವೇ. ಕನ್ನಡದಲ್ಲಿ ಏನು ಕೇಳಿದರೂ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಇಲ್ಲವೇ ಹಿಂದಿಯಲ್ಲಿ. ಮೊದಲು ಇದನ್ನು ನಗುತ್ತ ಬಿಟ್ಟುಬಿಡುತ್ತಿದ್ದೆವು. ಈಗ ಭಾನುವಾರ ಅವಳನ್ನು ಅಡುಗೆಮನೆಗೆ ಕರೆದು, ಹಿಟ್ಟು ಹೊರಳಿಸುವ ಕೆಲಸ ಅವಳ ಕೈಗೆ ಕೊಡುತ್ತೇವೆ. ಅದ್ದು, ಒತ್ತು, ತಿರುವು, ಬಗ್ಗಿಸು ಎಂಬ ಮಾತುಗಳು ಅಲ್ಲಿ ಕನ್ನಡದಲ್ಲೇ ಓಡಾಡುತ್ತವೆ. ಹೋದ ವಾರ “ಅಪ್ಪಾ, ಗಂಟಾಯ್ತು!” ಎಂದು ಕೂಗಿದಳು. ಗ್ರೇವಿಯನ್ನು ಸೋಸಿಕೊಂಡು ಉಂಡೆವು.