ಟಿವಿ ಕಡೆ ತಿರುಗಿದ ಕುರ್ಚಿಗಳು

ನಮ್ಮ ತಾತ ಮಾಲೂರು ತಾಲ್ಲೂಕಿನ ಲಕ್ಕೂರಿನವರು. ಅಜ್ಜಿ ತೀರಿಕೊಂಡ ಮೇಲೆ ಬೆಂಗಳೂರಿನ ಒಂದು ವೃದ್ಧಾಶ್ರಮದಲ್ಲಿದ್ದಾರೆ. ಊಟ, ಮಾತ್ರೆ ಎಲ್ಲಾ ಟೈಮಿಗೆ ಸರಿಯಾಗಿ ಸಿಗುತ್ತೆ. ಆದ್ರೆ ಇಪ್ಪತ್ತು ಜನ ಟಿವಿ ಕಡೆ ಮುಖ ಮಾಡಿ ಕೂತಿದ್ರೂ ಪಕ್ಕದವರ ಹೆಸರು ಗೊತ್ತಿರಲಿಲ್ಲ.

ಈಗ ವಾರಕ್ಕೊಮ್ಮೆ ಆಪ್ತಸಮಾಲೋಚಕಿಯೊಬ್ಬರು ಬಂದು, ಏಳೆಂಟು ಜನರನ್ನು ದುಂಡಗೆ ಕೂರಿಸಿ ಮಾತಾಡಿಸುತ್ತಾರೆ. ಇದು ಗುಂಪು ಮನೋಚಿಕಿತ್ಸೆ. 1905ರಲ್ಲೇ ಬೋಸ್ಟನ್ನಿನ ಡಾಕ್ಟರ್ ಜೋಸೆಫ್ ಪ್ರ್ಯಾಟ್ ಕ್ಷಯರೋಗಿಗಳನ್ನು ಹೀಗೆ ಒಟ್ಟಿಗೆ ಕೂರಿಸಿದ್ದರು. ವಯಸ್ಸಾದವರು ಹಳೆಯದನ್ನು ನೆನೆಯೋದು ಅರಳುಮರುಳಲ್ಲ, ಬದುಕಿನ ಲೆಕ್ಕ ನೋಡಿಕೊಳ್ಳುವ ಸಹಜ ಕೆಲಸ ಅಂತ 1963ರಲ್ಲಿ ಮನೋವೈದ್ಯ ರಾಬರ್ಟ್ ಬಟ್ಲರ್ ಬರೆದರು.

ಮೊದಲ ಮೂರು ವಾರ ತಾತ ಬಾಯೇ ಬಿಡಲಿಲ್ಲ. ನಾಲ್ಕನೇ ವಾರ ಅಲ್ಲಿನ ಒಬ್ಬರು, ‘ರಾತ್ರಿ ಎಚ್ಚರ ಆದ್ರೆ ಪಕ್ಕದಲ್ಲಿ ಇದಾರೇನೋ ಅಂತ ಈಗಲೂ ಕೈ ಚಾಚ್ತೀನಿ’ ಅಂದರಂತೆ. ತಾತ ಮೆಲ್ಲಗೆ, ‘ನಾನೂ ಅಷ್ಟೇ’ ಅಂದರಂತೆ.

ಆ ಮಾತನ್ನ ಮನೆಯಲ್ಲಿ ಯಾರ ಹತ್ರಾನೂ ಆಡಿರಲಿಲ್ಲ. ಸಮಾಧಾನ ಹೇಳೋಕೆ ನಾವೆಲ್ಲ ಇದ್ವಿ. ‘ನನಗೂ ಹಾಗೇ ಆಗುತ್ತೆ’ ಅನ್ನೋರು ಇರಲಿಲ್ಲ. ಊರಲ್ಲಾದ್ರೆ ಅರಳಿಕಟ್ಟೆ ಮೇಲೆ ಅಂಥವರು ತಾವಾಗೇ ಸಿಗ್ತಿದ್ರು. ಆಶ್ರಮದಲ್ಲಿ ಆ ಕಟ್ಟೆಯನ್ನ ಯಾರಾದರೂ ಕಟ್ಟಬೇಕು. ಈಗ ಫೋನ್ ಮಾಡಿದ್ರೆ ತಾತ, ‘ಬುಧವಾರ ಬೇಡಪ್ಪ, ನಮ್ದು ಮೀಟಿಂಗ್ ಇದೆ’ ಅಂತಾರೆ.